ಚಿಕ್ಕಸ್ವಾಮಿ ಮುದ್ದೆ ಅಗಿದ ದಿನ

ಪುಟ್ಟತಾಯಮ್ಮನ ಎಮ್ಮೆಗರುವಿನ ಬಾಯಿಗೆ ಪೋಲಿಯೋ ಹನಿ ಬಿದ್ದದ್ದೇ ಎಲ್ಲಕ್ಕೂ ಮೂಲ.

ಆ ಭಾನುವಾರ ಕಲ್ಲುಮಂಟಿಯ ಆರೋಗ್ಯ ಕೇಂದ್ರದ ಮುಂದೆ ಬೆಳಗಿನಿಂದಲೂ ಕೂಸುಗಳ ಸಾಲು. ಕಿರಿಯ ಆರೋಗ್ಯ ಸಹಾಯಕ ಚಿಕ್ಕಸ್ವಾಮಿ ನಿಂತಲ್ಲೇ ನಿಂತು, "ಬಾಯಿ ತಗಿ, ಮುಂದಕ್ಕೋಗು; ಬಾಯಿ ತಗಿ, ಮುಂದಕ್ಕೋಗು" ಎನ್ನುತ್ತ ಏತದ ಮರದಂತೆ ಬಾಗಿ ಏಳುತ್ತಿದ್ದ. ಹಿಂದಿನ ವಾರ ಸುತ್ತಿನ ಹಳ್ಳಿಗಳ ಬಾವಿಗಳಿಗೆಲ್ಲ ಬ್ಲೀಚಿಂಗ್ ಪುಡಿ ಸುರಿದು ಬಂದಿದ್ದ. ಅದರ ಹಿಂದಿನ ವಾರ ಮಲೇರಿಯಾದ ರಕ್ತಪರೀಕ್ಷೆಗೆಂದು ಮನೆಮನೆ ತಿರುಗಿ, ಊರವರ ಬೆರಳು ಚುಚ್ಚಿ, ಬೈಸಿಕೊಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣಿಗೆ ಪ್ರಪಂಚವೆಲ್ಲ ಒಂದು ದೊಡ್ಡ ತೆರೆದ ಬಾಯಿಯಾಗಿ ಕಾಣತೊಡಗಿತ್ತು. ಅಷ್ಟರಲ್ಲಿ ಪುಟ್ಟತಾಯಮ್ಮ ಕಂಕುಳಲ್ಲಿ ಮೊಮ್ಮಗಳನ್ನೂ ಕೈಯಲ್ಲಿ ಕರುವಿನ ಹಗ್ಗವನ್ನೂ ಹಿಡಿದು ಬಂದಳು. ಮೊಮ್ಮಗಳು ಮುಖ ತಿರುಗಿಸಿದಳು, ಕರು ಮುಂದೆ ಮಾಡಿತು. "ಬಾಯಿ ತಗಿ" ಅಂದ ಚಿಕ್ಕಸ್ವಾಮಿ. ಅದು ತೆಗೆಯಿತು. ಹನಿ ಹಾಕಿ, ಕಿವಿ ಸವರಿ, "ಜಾಣಮರಿ, ಮುಂದಕ್ಕೋಗು" ಎಂದೂ ಅಂದ.

ಸಾಲಿನವರೆಲ್ಲ ಗೊಳ್ಳೆಂದರು. "ಇನ್ನು ನಮ್ ಕರ ಜಲ್ಮದಲ್ಲಿ ಕುಂಟಾಕಿಲ್ಲ ಬುಡಿ" ಎಂದು ಪುಟ್ಟತಾಯಮ್ಮನೂ ಮೊದಲು ನಕ್ಕಳು. ಆಮೇಲೆ ಸರ್ಕಾರದ ಔಷಧಿ ಕರುವಿಗೆ ಏನು ಮಾಡೀತೋ ಎಂದು ಹೊಳೆದು ಅಳತೊಡಗಿದಳು. ನಗುವಿಗೂ ಅಳುವಿಗೂ ನಡುವೆ ಸಿಕ್ಕಿಕೊಂಡ ಚಿಕ್ಕಸ್ವಾಮಿ ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಅರಚಿದ. ಅಲ್ಲಿಯವರೆಗೆ ಅಳದೆ ಉಳಿದಿದ್ದ ಕೂಸುಗಳೂ ಒಟ್ಟಿಗೆ ಶುರುಮಾಡಿದವು.

ಬಾಗಿಲಲ್ಲಿ ನಿಂತಿದ್ದ ಡಾಕ್ಟರ್ ದಿಲೀಪ್ ಎಲ್ಲವನ್ನೂ ನೋಡಿದರು. ಇನ್ನೂ ಮೀಸೆ ಗಟ್ಟಿಯಾಗದ ಒಳ್ಳೆಯ ಮನುಷ್ಯ.

"ಚಿಕ್ಕಸ್ವಾಮಿ, ನಿಮ್ಮ ಮೈ ದಣಿದಿಲ್ಲ. ಮನಸ್ಸು ದಣಿದಿದೆ."

"ಅಂಗಾರೆ ರಜ ಕೊಡಿ ಸಾ."

"ರಜ ಇಲ್ಲ. ತರಬೇತಿ ಇದೆ."

ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ, ಈ ನಾಲ್ಕು ತಾಲ್ಲೂಕುಗಳ ಆಸ್ಪತ್ರೆ ಸಿಬ್ಬಂದಿಗೆ ಪೇಟೆಯಲ್ಲಿ ಮನಸ್ಸಿನ ಒತ್ತಡ ಕಳೆಯುವ ತರಬೇತಿ ಏರ್ಪಾಡಾಗಿತ್ತು. ಮೈಸೂರಿನಿಂದ ಬಂದ ಗುರುಗಳು ಜಮಖಾನದ ಮೇಲೆ ಎಲ್ಲರನ್ನೂ ಕೂರಿಸಿ, ಕಣ್ಣು ಮುಚ್ಚಿಸಿ, ಉಸಿರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಗಮನಿಸಿ ಎಂದರು. ನಮ್ಮ ಹಿರಿಯರು ಇದನ್ನೇ ಸಂಜೆಹೊತ್ತು ದೇವರ ದೀಪದ ಮುಂದೆ ಸುಮ್ಮನೆ ಕೂರುವುದು ಅನ್ನುತ್ತಿದ್ದರು. ಈಗ ಅದಕ್ಕೂ ತರಬೇತಿ ಬೇಕಾಗಿದೆ. ಬೇಕಾದರೆ ತಪ್ಪೇನಿಲ್ಲ; ಮರೆತ ದಾರಿಯನ್ನು ಯಾರು ತೋರಿಸಿಕೊಟ್ಟರೂ ಅವರು ಗುರುವೇ. ಚಿಕ್ಕಸ್ವಾಮಿಯಂತೂ ಗುರುಗಳು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ. ಕಣ್ಣು ಮುಚ್ಚಿದವನು ಗೊರಕೆ ಹೊಡೆದ.

ಎಚ್ಚರವಾದಾಗ ಗುರುಗಳು ಪರೀಕ್ಷೆಯ ವಿಚಾರ ಹೇಳುತ್ತಿದ್ದರು. ಬರುವ ಸೋಮವಾರ ಪ್ರತಿಯೊಬ್ಬರೂ ತಮ್ಮ ತಮ್ಮ ಆಸ್ಪತ್ರೆಯಲ್ಲೇ, ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ, ಮೌನದಲ್ಲಿದ್ದು ಕೆಲಸ ಮಾಡಬೇಕು. ಕೈಸನ್ನೆ ಕೂಡದು, ಚೀಟಿ ಬರೆಯುವುದೂ ಕೂಡದು. ಯಾವ ಕೆಲಸವನ್ನೂ ಅವಸರದಲ್ಲಿ ಮಾಡಬಾರದು. ಊಟದ ಒಂದೊಂದು ತುತ್ತನ್ನೂ ಬಾಯಲ್ಲಿ ನೀರಾಗುವವರೆಗೆ ಅಗಿಯಬೇಕು. ಪರೀಕ್ಷೆ ಮಾಡುವವರು ಗುರುತು ಹೇಳದೆ ಬಂದು ನೋಡಿಕೊಂಡು ಹೋಗುತ್ತಾರೆ. ತಪ್ಪಿದವರಿಗೆ ಮೈಸೂರಿನಲ್ಲಿ ಹತ್ತು ದಿನದ ಶಿಬಿರ, ಅದರ ಮುಂದಿನ ಶುಕ್ರವಾರದಿಂದ.

ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರಾಯಿತು ಎಂದುಕೊಂಡು ಚಿಕ್ಕಸ್ವಾಮಿ ಊರಿಗೆ ಬಂದ. ಭಾನುವಾರ ಸಂಜೆ ಆಸ್ಪತ್ರೆಯ ಜವಾನ ತಮ್ಮಯ್ಯ ಅವನನ್ನು ಬೇವಿನ ಮರದ ಮರೆಗೆ ಎಳೆದುಕೊಂಡು ಹೋದ. ಐವತ್ತು ದಾಟಿದ ತಮ್ಮಯ್ಯ ಆಸ್ಪತ್ರೆಯಲ್ಲಿ ಮಾಡುವ ಕೆಲಸಕ್ಕಿಂತ ಊರಿನಲ್ಲಿ ಕೂಡಿಸುವ ಸಂಬಂಧಗಳು ಹೆಚ್ಚು.

"ಲೇ, ನಾಳಿಕ್ಕೆ ಹೆಣ್ಣಿನ ಕಡೆಯೋರು ಗುಟ್ಟಾಗಿ ನಿನ್ನ ನೋಡ್ಕಂಡೋಗಕೆ ಬತ್ತಾವ್ರೆ ಕಣ್ಲಾ."

ಚಿಕ್ಕಸ್ವಾಮಿಗೆ ಮೂವತ್ತಮೂರು. ಹಿಂದೆ ಬಂದ ಸಂಬಂಧಗಳನ್ನೆಲ್ಲ ಕೆಲಸವೇ ತಿಂದುಹಾಕಿತ್ತು. ಒಮ್ಮೆ ಹೆಣ್ಣಿನವರು ಬಂದಾಗ ವಾಂತಿಭೇದಿ ಬಿದ್ದ ಹಳ್ಳಿಯಲ್ಲಿದ್ದ. ಇನ್ನೊಮ್ಮೆ ಹುಡುಗಿ ಕಾಫಿ ಲೋಟ ಹಿಡಿದು ಎದುರಿಗೆ ಬಂದಾಗ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಈಗಿನದು ಪಾಂಡವಪುರದ ಕಡೆಯ ಪೂಜ. ಅವಳನ್ನು ಅವನು ಮೇಲುಕೋಟೆಯ ಮೆಟ್ಟಿಲ ಮೇಲೆ ಒಮ್ಮೆ ಕಂಡಿದ್ದ. ಏದುಸಿರು ಬಿಡುತ್ತಿದ್ದ ಅಜ್ಜಿಯೊಬ್ಬಳನ್ನು ಕೈಹಿಡಿದು ಹತ್ತಿಸುತ್ತ, "ನಿಧಾನ ಕಣಜ್ಜಿ, ದೇವ್ರು ಎಲ್ಲೂ ಓಗಾಕಿಲ್ಲ" ಅನ್ನುತ್ತಿದ್ದಳು. ಅಂದಿನಿಂದ ಚೆಲುವನಾರಾಯಣನ ಮುಂದೆ ಚಿಕ್ಕಸ್ವಾಮಿಯದು ಒಂದೇ ಪ್ರಾರ್ಥನೆ.

"ನಾಳಿಕ್ಕೇನಾ? ನಾಳಿಕ್ಕೆ ನಂಗೆ ಮೌನ ಕಣಣ್ಣೋ!"

"ಬುಟ್ಬುಡು ಮೌನವ. ಅವ್ರು ಒಪ್ಪುದ್ರೆ ಬರೋ ಸುಕ್ರವಾರವೇ ವೀಳ್ಯ ಬದ್ಲಾಯ್ಸದು. ಸುಕ್ರವಾರ ತಪ್ತೋ, ಶನಿವಾರ ಕೆ.ಆರ್.ಎಸ್.ನಿಂದ ನೀರಾವರಿ ಇಲಾಖೆ ಗಂಡು ಬತ್ತದೆ."

"ಮೌನ ಬುಟ್ರೆ ಸುಕ್ರವಾರದಿಂದ ಶಿಬ್ರ! ಬರೋರು ಯಾರು? ನೋಡಕೆಂಗವ್ರೆ?"

"ಯಾರೋ ಏನೋ, ನಾನೂ ಕಂಡಿಲ್ಲ. ಒಂದ್ ಮಾತು ಮಾತ್ರ ಕಿವೀಗಾಕ್ಕೊ. ಆ ಮನೆಯೋರು ಗಂಡಿನ ಚುರುಕ ನೋಡ್ತಾರೆ. ಅದ್ಕಿಂತ ಹೆಚ್ಚಾಗಿ ಉಣ್ಣದ ನೋಡ್ತಾರೆ. ಹೋದ್ವರ್ಸ ಮಂಗ್ಳೂರ್ ಕಡೆ ಕೆಲ್ಸದಲ್ಲಿದ್ದೋನು ಒಬ್ಬ ಮುದ್ದೆ ಅಗ್ದ ಅಂತ ಎಲೆ ಮುಂದಿಂದ್ಲೇ ಎದ್ಬಂದ್ರಂತೆ."

ಮುದ್ದೆಗೆ ಹಲ್ಲು ತಾಗಿಸುವುದೆಂದರೆ ಆ ಸೀಮೆಯಲ್ಲಿ ದೇವಸ್ಥಾನದೊಳಕ್ಕೆ ಮೆಟ್ಟು ಹಾಕಿಕೊಂಡು ಹೋದ ಹಾಗೆ. ಮುರಿ, ಸಾರಿನಲ್ಲಿ ಅದ್ದು, ನುಂಗು. ಗಂಟಲಿಗೆ ಗೊತ್ತಾಗಬೇಕೇ ಹೊರತು ಹಲ್ಲಿಗೆ ಗೊತ್ತಾಗಬಾರದು.

ಪರೀಕ್ಷೆಯನ್ನು ಮುಂದಕ್ಕೆ ಹಾಕಿಸೋಣವೆಂದರೆ ಡಾಕ್ಟರು ಮಂಡ್ಯದ ಮೀಟಿಂಗಿಗೆ ಹೋಗಿದ್ದರು. ಬರುವುದು ಸೋಮವಾರ ಸಂಜೆಗೇ. ಚಿಕ್ಕಸ್ವಾಮಿ ಮನಸ್ಸಿನಲ್ಲೇ ಒಂದು ಒಪ್ಪಂದ ಮಾಡಿಕೊಂಡ. ಬಾಯಂತೂ ತೆರೆಯುವುದಿಲ್ಲ. ಮಿಕ್ಕಂತೆ ಪರೀಕ್ಷೆಯವರು ನೋಡುವಾಗ ನಿಧಾನ, ಹೆಣ್ಣಿನವರು ನೋಡುವಾಗ ಚುರುಕು. ಯಾರು ಯಾರೆಂದು ತಿಳಿದರೆ ಸಾಕು.

ಸೋಮವಾರ ಬೆಳಿಗ್ಗೆ ಊರ ಮುಂದಿನ ಆಂಜನೇಯನಿಗೆ ಕೈಮುಗಿದು ಬಾಯಿ ಮುಚ್ಚಿಕೊಂಡ.

ಮೊದಲು ಬಂದವಳು ಪುಟ್ಟತಾಯಮ್ಮ. "ಔಷ್ದಿ ಆಕ್ದಾಗಿಂದ ನನ್ ಕರ ನೆಟ್ಗೆ ಹಾಲ್ ಕುಡೀತಿಲ್ಲ. ಏನ್ ಮಾಡ್ತೀಯಪ್ಪ?" ಎಂದು ಸೆರಗು ಸಿಕ್ಕಿಸಿಕೊಂಡು ನಿಂತಳು. ಚಿಕ್ಕಸ್ವಾಮಿ ಅವಳ ಮುಖವನ್ನೇ ನೋಡಿದ. "ಬಾಯಿಲ್ವಾ?" ಸುಮ್ಮನಿದ್ದ. ಜಗಳಕ್ಕೆ ಇನ್ನೊಂದು ಕೈ ಸಿಗದೆ ಅವಳ ಮಾತು ತಾನೇ ದಾರಿ ಬದಲಿಸಿತು. ಕರುವಿನಿಂದ ಸೊಸೆಗೆ ಬಂತು, ಸೊಸೆಯಿಂದ ಮಗನಿಗೆ, ಮಗನಿಂದ ತೀರಿಹೋದ ಗಂಡನಿಗೆ. ಕೊನೆಗೆ ಕಣ್ಣೊರೆಸಿಕೊಂಡು, "ಏಸ್ ದಿನ ಆಗಿತ್ತಪ್ಪ ಇಂಗೆ ಎದೆ ಅಗುರಾಗಿ" ಅಂದಳು. ಚಿಕ್ಕಸ್ವಾಮಿಗೂ ಒಳಗೆ ಏನೋ ತಂಪಾಯಿತು. ಎಷ್ಟೋ ವರ್ಷಗಳಿಂದ ಅವಳಿಗೆ ಮಾತ್ರೆ ಕೊಟ್ಟು ಕಳಿಸಿದ್ದನೇ ಹೊರತು ಅವಳ ಮಾತನ್ನು ಪೂರಾ ಕೇಳಿದ್ದು ಅದೇ ಮೊದಲು.

ಆದರೆ ಆ ತಂಪು ಬಹಳ ಹೊತ್ತು ಉಳಿಯಲಿಲ್ಲ. ಬಾಗಿಲು ದಾಟಿದ ಪುಟ್ಟತಾಯಮ್ಮ, "ಚಿಕ್ಕಸ್ವಾಮಿಗೆ ಬಾಯಿ ಬಿದ್ದೋಗದೆ ಕಣ್ರವ್ವಾ!" ಎಂದು ಕೂಗಿ ಹೇಳಿದಳು.

ತಮ್ಮಯ್ಯ ಅಡ್ಡ ಬಂದ. "ಬಾಯಿ ಬಿದ್ದಿಲ್ಲ ಕಣಮ್ಮೋ. ಸರ್ಕಾರವೇ ಇವತ್ತೊಂದಿನ ಮಾತಾಡ್ಬ್ಯಾಡ ಅಂದದೆ."

"ಸುಮ್ಕಿರಯ್ಯ. ಮಾತಾಡ್ದೆ ಇರಕ್ಕೆ ಯಾವ್ ಸರ್ಕಾರ ಸಂಬ್ಳ ಕೊಟ್ಟಾತು? ಇದು ನನ್ ಕರೀನ ಸಾಪ."

ಸುದ್ದಿ ಕೇರಿ ಕೇರಿ ದಾಟಿತು. ಸ್ವಲ್ಪ ಹೊತ್ತಿಗೆ ಒಬ್ಬಳು ಮೆಣಸಿನ ಕಷಾಯ ತಂದಳು. ಬೇಡ ಅನ್ನಲು ಬಾಯಿಲ್ಲ, ಬೇಡವೆಂದು ತಲೆ ಆಡಿಸಿದರೆ ಅದೂ ಸನ್ನೆ, ಕುಡಿದ. ಇನ್ನೊಬ್ಬ ನಾಲಿಗೆ ಮೇಲೆ ಬಜೆ ತೇಯ್ದು ಹಚ್ಚಿದ. ಮತ್ತೊಬ್ಬಳು ಬೇವಿನ ಸೊಪ್ಪಿನಲ್ಲಿ ಮುಖದ ಮೇಲೆ ನಿವಾಳಿಸಿ, ಮೆಣಸಿನಕಾಯಿ ಸುಟ್ಟು ಹೊಗೆ ಹಾಕಿದಳು. ಆ ಹೊಗೆಗೆ ಇಡೀ ಆಸ್ಪತ್ರೆ ಕೆಮ್ಮಿತು. ಚಿಕ್ಕಸ್ವಾಮಿ ಕೆಮ್ಮಬಹುದೋ ಬಾರದೋ ತಿಳಿಯದೆ ತಡೆದುಕೊಂಡು ಕೆಂಪು ಮೆಣಸಿನಕಾಯಿಯೇ ಆದ.

ಹೊಗೆ ಕರಗಿದಾಗ ಹೊಸಬರಿಬ್ಬರು ಕಾಣಿಸಿದರು. ಬೇವಿನ ಮರದ ಕಟ್ಟೆಯ ಮೇಲೆ ಪಂಚೆ ಉಟ್ಟು, ಟವಲನ್ನು ತಲೆಗೆ ಮುಸುಕು ಹಾಕಿಕೊಂಡ ದಪ್ಪ ಮೀಸೆಯವನೊಬ್ಬ. ರಸ್ತೆಯ ಆಚೆ ಸೈಕಲ್ ಅಂಗಡಿಯ ಮುಂದೆ ಪ್ಯಾಂಟು ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಪೇಪರಿನಿಂದ ಮುಖ ಮರೆಮಾಡಿಕೊಂಡ ಕನ್ನಡಕದವನೊಬ್ಬ. ಇಬ್ಬರೂ ಬೇರೇನೋ ನೋಡುವವರಂತೆ ನಟಿಸುತ್ತ ಅವನನ್ನೇ ನೋಡುತ್ತಿದ್ದರು.

ತಮ್ಮಯ್ಯ ಕಿವಿಯಲ್ಲಿ ಉಸುರಿದ. "ಪಂಚೆಯೋನು ಹೆಣ್ಣಿನ ಕಡೆ. ಕನ್ನಡ್ಕದೋನು ನಿನ್ ಪರೀಕ್ಸೆ. ಅನುಮಾನವೇ ಬ್ಯಾಡ."

ಚಿಕ್ಕಸ್ವಾಮಿಗೂ ಹಾಗೇ ಅನ್ನಿಸಿತ್ತು. ಊರ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ಕೆಲಸ ಬಾಕಿಯಿತ್ತು. ಪಂಚೆಯವನ ಮುಂದೆ ಚೀಲವನ್ನು ಒಂದೇ ಎತ್ತಿಗೆ ಹೆಗಲಿಗೇರಿಸಿ ಓಡಿದ. ರಸ್ತೆಯ ತಿರುವಿನಲ್ಲಿ ಪೇಪರಿನ ಮೇಲಿಂದ ಕನ್ನಡಕ ಇಣುಕಿತು. ಓಡುತ್ತಿದ್ದ ಕಾಲು ಗಾಳಿಯಲ್ಲೇ ನಿಂತಿತು. ಒಂದು ಹೆಜ್ಜೆಯನ್ನು ಎತ್ತಿ, ಆಲೋಚಿಸಿ, ಕೆರೆಯ ಅಂಚಿನ ಕೊಕ್ಕರೆಯಂತೆ ಇಳಿಸಿದ. ಹಿಂದೆ ಪಂಚೆಯವನು ಎದ್ದು ಬಂದ ಸದ್ದಾಯಿತು, ಮತ್ತೆ ಓಡಿದ. ಕನ್ನಡಕದವನು ಅಡ್ಡದಾರಿಯಿಂದ ಬಂದ, ಮತ್ತೆ ಕೊಕ್ಕರೆಯಾದ. ಹೀಗೆ ಬಾವಿ ಸೇರುವ ಹೊತ್ತಿಗೆ ಹಿಂದೆ ಊರಿನ ಅರ್ಧ ಜನ ನೆರೆದಿದ್ದರು.

"ಬಾಯಿ ಮೊದ್ಲು, ಈಗ ಕಾಲು" ಎಂದು ಪುಟ್ಟತಾಯಮ್ಮ ನಿಟ್ಟುಸಿರು ಬಿಟ್ಟಳು. "ಬಿಟ್ ಬಿಟ್ ಬತ್ತದೆ ನೋಡಿ ಪಾಪ."

ಮಧ್ಯಾಹ್ನ ಚಿಕ್ಕಸ್ವಾಮಿ ದಿನದಂತೆ ಚಲುವಮ್ಮನ ಮುದ್ದೆ ಹೋಟೆಲಿಗೆ ಹೋದ. ಅವರೆಕಾಯಿ ಕಾಲ, ಬೀದಿಗೆಲ್ಲ ಸಾರಿನ ಘಮ. ಮೂಲೆಯಲ್ಲಿ ಬಸ್ಸಿಗೆ ಕಾಯುವ ಟೀಚರಮ್ಮನಂಥ ಹೆಂಗಸೊಬ್ಬಳು ಮಜ್ಜಿಗೆ ಕುಡಿಯುತ್ತಿದ್ದಳು. ಚಿಕ್ಕಸ್ವಾಮಿ ಉದ್ದನೆಯ ಬೆಂಚಿನ ನಡುವೆ ಕೂತ. ಚಲುವಮ್ಮ ಕೇಳದೆಯೇ ಮುದ್ದೆ ಇಟ್ಟು ಸಾರು ಬಿಟ್ಟಳು. ಕೈಯಿಡಬೇಕು, ಅಷ್ಟರಲ್ಲಿ ಬಲಗಡೆಗೆ ಪಂಚೆಯವನು ಬಂದು ಕೂತ. ಚಿಕ್ಕಸ್ವಾಮಿ ಹಿಗ್ಗಿದ. ಮರುಗಳಿಗೆಗೆ ಎಡಗಡೆ ಕನ್ನಡಕದವನೂ ಬಂದು ಕೂತ. ಒಬ್ಬ ಮುಸುಕನ್ನು ಇನ್ನಷ್ಟು ಎಳೆದುಕೊಂಡ, ಇನ್ನೊಬ್ಬ ಪೇಪರನ್ನು ಇನ್ನಷ್ಟು ಮೇಲೆತ್ತಿದ.

ಒಂದು ಬಾಯಿ, ಒಂದು ಮುದ್ದೆ, ಎರಡು ಧರ್ಮ.

ಬಲಗಡೆಯವನ ಕಣ್ಣು ತನ್ನ ಮೇಲಿದ್ದಾಗ ಚಿಕ್ಕಸ್ವಾಮಿ ಗುಳಕ್ಕನೆ ನುಂಗಿದ. ಎಡಗಡೆಯವನ ಕಣ್ಣು ಇತ್ತ ತಿರುಗಿದಾಗ ಅಗಿದ. ಜನ್ಮದಲ್ಲಿ ಮೊದಲ ಸಲ ಅವನ ಹಲ್ಲಿಗೂ ಮುದ್ದೆಗೂ ಪರಿಚಯವಾಯಿತು. ಅದು ಹಲ್ಲಿಗೆ ಅಂಟಿತು, ಮೇಲಿನ ಅಂಗುಳಕ್ಕೆ ಹತ್ತಿತು, ಬಾಯಿ ತುಂಬ ಗೋಡೆಗೆ ಮೆತ್ತಿದ ಕೆಸರಿನಂತಾಯಿತು. ಒಲೆಯ ಬಳಿಯಿಂದ ಚಲುವಮ್ಮ ಕಣ್ಣರಳಿಸಿ, "ಅಯ್ಯೋ ಸಿವ್ನೆ, ಅಗೀತಾವ್ನೆ!" ಎಂದು ಎದೆ ಮೇಲೆ ಕೈಯಿಟ್ಟುಕೊಂಡಳು. ಅವಳ ಕೂಗಿಗೆ ಎಡದವನೂ ಬಲದವನೂ ಒಟ್ಟಿಗೆ ತಿರುಗಿ ನೋಡಿದರು. ಚಿಕ್ಕಸ್ವಾಮಿ ನುಂಗಲೂ ಹೋದ, ಅಗಿಯಲೂ ಹೋದ. ಮುದ್ದೆ ಗಂಟಲಿನ ಅರ್ಧದಲ್ಲಿ ಬೀಡುಬಿಟ್ಟಿತು.

ಉಸಿರನ್ನು ಗಮನಿಸಿ ಎಂದಿದ್ದರು ಗುರುಗಳು. ಗಮನಿಸೋಣವೆಂದರೆ ಉಸಿರೇ ಇರಲಿಲ್ಲ. ಸೂಜಿಯ ಮೊನೆಯಷ್ಟು ಗಾಳಿ ಎಲ್ಲಿಂದಲೋ ಬಂದು ಹೋಗುತ್ತಿತ್ತು. ಬೆನ್ನು ತಾನಾಗಿ ನೆಟ್ಟಗಾಯಿತು. ಕಣ್ಣು ಮುಚ್ಚಿಕೊಂಡವು. ಕೈ ಎರಡೂ ತೊಡೆಯ ಮೇಲೆ ಬಿದ್ದವು.

ಇವನಿಗೇನಾಯಿತೆಂದು ನೋಡಲು ಇಬ್ಬರೂ ಬಗ್ಗಿದರು. ಮುಸುಕು ಜಾರಿತು, ಪೇಪರು ಕೆಳಗಿಳಿಯಿತು.

"ಓಹೋಹೋ! ನಾಗರಾಜ! ನೀನ್ಯಾಕ್ಲಾ ಬಂದೆ ಇಲ್ಲಿಗೆ?" ಎಂದ ಪಂಚೆಯವನು.

"ನೀವ್ಯಾಕೆ ಬಂದ್ರಿ ಶಿವ್ಲಿಂಗಯ್ನೋರೆ? ಹೆಣ್ಣಿನ ಸೋದರ್ಮಾವ ನಾನು. ನನ್ ಕೇಳ್ದೆ ಗಂಡು ನೋಡಕೆ ನಿಮ್ಗೇನ್ ಹಕ್ಕದೆ?"

"ಹೆಣ್ಣಿನ ಚಿಕ್ಕಪ್ಪ ಕಣೋ ನಾನು! ಬೆಳ್ಸ್ದೋರು ನಾವು. ಸಿರಂಗಪಟ್ಣದಿಂದ ಬಂದು ಹಕ್ಕು ಕೇಳ್ತಾನೆ!"

ಇಬ್ಬರೂ ಹೆಣ್ಣಿನ ಕಡೆಯವರೇ! ಒಬ್ಬರಿಗೊಬ್ಬರು ಹೇಳದೆ, ಬೇರೆ ಬೇರೆ ಬಸ್ಸಿನಲ್ಲಿ, ಒಂದೇ ಗಂಡನ್ನು ಗುಟ್ಟಾಗಿ ನೋಡಲು ಬಂದಿದ್ದರು. ಇದು ಚಿಕ್ಕಸ್ವಾಮಿಯ ಕಿವಿಗೆ ಬಿತ್ತು. ಆದರೆ ಮುದ್ದೆ ಜಗ್ಗಲಿಲ್ಲ.

"ನಮ್ಮಕ್ಕನ್ ಮದ್ವೆ ಬೀಗರೂಟದಲ್ಲಿ ನನ್ನೆಲೆಗೆ ಬರೀ ಮೂಳೆ ಆಕ್ಸಿದ್ದು ಮರ್ತಿಲ್ಲ ನಾನು!"

"ಬರೀ ಮೂಳೆನಾ? ನಲ್ಲಿಮೂಳೆ ಕಣೋ ಅದು! ಚೀಪಕ್ಕೆ ಬರ್ದಿದ್ರೆ ನಾನೇನ್ಲಾ ಮಾಡ್ಲಿ?"

ಅಕ್ಕನ ಮದುವೆಯಿಂದ ಇಂದಿನ ತನಕದ ಲೆಕ್ಕವೆಲ್ಲ ಚಿಕ್ಕಸ್ವಾಮಿಯ ತಲೆಯ ಮೇಲಿಂದ ಹಾರಾಡಿತು. ಬೆಂಚು ಅಲುಗಿತು, ಸಾರು ತುಳುಕಿತು. ಕೊನೆಗೆ ಶಿವಲಿಂಗಯ್ಯ, "ನೀನೇ ನ್ಯಾಯ ಹೇಳಪ್ಪ, ಗಂಡು ನೋಡದು ಯಾರ ಹಕ್ಕು?" ಎಂದು ಅವನತ್ತ ತಿರುಗಿದ. "ಹೇಳಪ್ಪ, ಹೇಳು" ಎಂದು ನಾಗರಾಜುವೂ ತಿರುಗಿದ.

ಇಬ್ಬರ ಬಾಯೂ ಅಲ್ಲೇ ನಿಂತಿತು. ಚಿಕ್ಕಸ್ವಾಮಿ ದೇವರ ಮುಂದೆ ಕೂತವನಂತೆ ನೆಟ್ಟಗೆ ಕೂತಿದ್ದ. ಮುಚ್ಚಿದ ಕಣ್ಣುಗಳಿಂದ ಎರಡು ಧಾರೆ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು.

"ನಮ್ ಜಗ್ಳ ಕಂಡು ಕಣ್ಣೀರಾಕ್ತಾವ್ನಲ್ಲೋ ನಾಗರಾಜ..." ಎಂದ ಶಿವಲಿಂಗಯ್ಯ.

"ನಮ್ ಬಾಯಿಗಿಷ್ಟು ಬೆಂಕಿ ಬೀಳ" ಎಂದು ನಾಗರಾಜು ಕನ್ನಡಕ ತೆಗೆದು ಒರೆಸಿಕೊಂಡ. "ಇಬ್ರೂ ಬೈದಾಡ್ತಿದ್ರೆ ಒಂದ್ ಮಾತು ಎದುರಾಡ್ಲಿಲ್ವಲ್ಲ ಇವ್ನು."

ನಿಜ ಸಂಗತಿ ಗೊತ್ತಿದ್ದವಳು ಚಲುವಮ್ಮ ಒಬ್ಬಳೇ. ಚೆಂಬಿನ ತುಂಬ ಮಜ್ಜಿಗೆ ತಂದು, ಅವನ ತಲೆ ಹಿಂದಕ್ಕೆ ಹಿಡಿದು, ಬಾಯಿಗೆ ಸುರಿದು, ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಮುದ್ದೆ ಇಳಿಯಿತು. ಚಿಕ್ಕಸ್ವಾಮಿ ಕಣ್ತೆರೆದು, ದೀರ್ಘವಾಗಿ ಉಸಿರೆಳೆದು, ಬದುಕಿದೆನಲ್ಲಾ ಎಂದು ನಕ್ಕ. ಆ ನಗು ಶಿವಲಿಂಗಯ್ಯನಿಗೂ ನಾಗರಾಜುವಿಗೂ ವರ ಕೊಟ್ಟ ದೇವರ ನಗುವಿನಂತೆ ಕಂಡಿತು.

"ನಮ್ಮನ್ಲಿ ಮಾತಾಡೋರು ತುಂಬವ್ರೆ" ಎಂದ ಶಿವಲಿಂಗಯ್ಯ. "ಕೇಳೋನು ಒಬ್ಬ ಬೇಕಾಗಿತ್ತು. ಅಗ್ದಾದ್ರೂ ತಿನ್ಲಿ, ನುಂಗಾದ್ರೂ ತಿನ್ಲಿ, ಸುಕ್ರವಾರ ವೀಳ್ಯ ಬದ್ಲಾಯ್ಸವ. ಏನಂತೀಯ?"

"ಇದೊಂದ್ ಮಾತು ಒಪ್ದೆ ಕಣಿ" ಎಂದ ನಾಗರಾಜು. ಇಬ್ಬರೂ ಎದುರು ಬದುರು ಕೂತು ಉಂಡರು.

ಚಿಕ್ಕಸ್ವಾಮಿಯ ಮನಸ್ಸು ಮೇಲುಕೋಟೆಯ ಮೆಟ್ಟಿಲುಗಳನ್ನೆಲ್ಲ ಒಂದೇ ಉಸಿರಿಗೆ ಹತ್ತಿತು. ಆದರೆ ಹತ್ತಿದ ಮೇಲೆ ಒಂದು ಯೋಚನೆ ಹೊಳೆಯಿತು. ಇವರಿಬ್ಬರೂ ಹೆಣ್ಣಿನ ಕಡೆಯವರಾದರೆ ಪರೀಕ್ಷೆಯವರು ಇನ್ನೂ ಬರಬೇಕು. ಹೊತ್ತು ಮುಳುಗುವ ತನಕ ತುಟಿ ಬಿಚ್ಚುವ ಹಾಗಿಲ್ಲ. ಆಸ್ಪತ್ರೆಗೆ ಹೋಗಿ ಕೂತ. ಮಾವಂದಿರಿಬ್ಬರೂ ಸಂಜೆಯ ಬಸ್ಸು ಕಾಯುತ್ತ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತರು. ಬೆಳಿಗ್ಗೆ ಪುಟ್ಟತಾಯಮ್ಮನ ಎದೆ ಹಗುರಾದ ಸುದ್ದಿ ಕೇಳಿ ಊರ ಹೆಂಗಸರೆಲ್ಲ ಸಾಲಾಗಿ ಬಂದರು. ಎದೆಯೊಳಗಿನದನ್ನೆಲ್ಲ ಅವನ ಮುಂದೆ ಸುರಿದು, ಕೈಬೀಸಿಕೊಂಡು ಹೋದರು. ಚಿಕ್ಕಸ್ವಾಮಿ ಕಿಟಕಿಯಾಚೆಗಿನ ಸೂರ್ಯನನ್ನು ನೋಡುತ್ತ ಎಲ್ಲವನ್ನೂ ಕೇಳಿದ. ಅಂದು ಸೂರ್ಯದೇವರಿಗೂ ಯಾರೋ ನಿಧಾನದ ತರಬೇತಿ ಕೊಟ್ಟಿದ್ದರೆಂದು ಕಾಣುತ್ತದೆ.

ಹೊತ್ತು ಇನ್ನೊಂದು ಮಾರಿನಷ್ಟು ಮೇಲಿರುವಾಗ ಜೀಪು ಬಂದು ನಿಂತಿತು. ಡಾಕ್ಟರ್ ದಿಲೀಪ್ ಇಳಿದರು. ಅವರ ಹಿಂದೆ ಹೋಟೆಲಿನ ಮೂಲೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಹೆಂಗಸು ಇಳಿದಳು.

"ಇವರು ಪ್ರಮೀಳಾ ಅಂತ, ನಾಗಮಂಗಲದ ಕಡೆ ಹಿರಿಯ ಆರೋಗ್ಯ ಸಹಾಯಕಿ" ಎಂದರು ಡಾಕ್ಟರು. "ನಿಮ್ಮ ಪರೀಕ್ಷೆಗೆ ಬಂದಿದ್ದವರು ಇವರೇ."

ಪ್ರಮೀಳಾ ಕೈಮುಗಿದಳು. "ಎಷ್ಟೋ ಕಡೆ ನೋಡ್ದೆ ಸರ್, ಇಂಥೋರನ್ನ ಕಾಣ್ಲಿಲ್ಲ. ಎರಡೂ ಕಡೆ ಹೊಡೆದಾಟ ಆಗೋ ಹಂಗೆ ಜಗಳ. ನಡುವೆ ಇವ್ರು ಕಣ್ಮುಚ್ಚಿ ಧ್ಯಾನದಲ್ಲಿ ಕೂತ್ಬಿಟ್ರು. ಕರುಣೆಯಿಂದ ಕಣ್ಣೀರು ಹರೀತಿತ್ತು. ಮುದ್ದೇನೂ ಅಗಿದ್ರು, ಸರ್. ನಾನೂ ಈ ಸೀಮೆಯೋಳೇ. ಅದೆಂಥಾ ತ್ಯಾಗ ಅಂತ ನಂಗೊತ್ತು."

"ನಾಲ್ಕು ತಾಲ್ಲೂಕಿಗೂ ನೀವೇ ಮೊದಲು ಚಿಕ್ಕಸ್ವಾಮಿ!" ಡಾಕ್ಟರು ಅವನ ಕೈ ಹಿಡಿದು ಕುಲುಕಿದರು. "ಸುಮ್ಮನೆ ಬಿಡ್ತೀವಾ? ಬೇರೆಯವರಿಗೆ ಕಲಿಸೋದಕ್ಕೆ ನಿಮ್ಮನ್ನೇ ಆರಿಸಿದೀವಿ. ಮೈಸೂರಲ್ಲಿ ಒಂದು ತಿಂಗಳ ದೊಡ್ಡ ಶಿಬಿರ. ಪೂರಾ ಮೌನ. ಶುಕ್ರವಾರದಿಂದ!"

ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಎರಡು ಕೈಗಳು ನಿಂತವು. ಮಾವಂದಿರಿಬ್ಬರೂ ಇಳಿದು ಬಂದರು.

"ಸುಕ್ರವಾರನಾ?" ಎಂದ ಶಿವಲಿಂಗಯ್ಯ. "ಸುಕ್ರವಾರ ವೀಳ್ಯ ಅಲ್ವೇನಪ್ಪ?"

"ತಿಂಗ್ಳುಗಟ್ಲೆ ಮಾತಿಲ್ದೆ ಕೂತ್ಕಳದು ಅಂದ್ರೇನು? ಸನ್ಯಾಸಿ ಗಿನ್ಯಾಸಿ ಆಗ್ಬುಡ್ತೀಯೋ?" ಎಂದ ನಾಗರಾಜು. "ಹೇಳ್ಬುಡಪ್ಪ ಈಗ್ಲೇ. ಹೆಣ್ಣು ಬೇಕೋ, ಶಿಬ್ರ ಬೇಕೋ? ಬಸ್ಸು ಬತ್ತಾ ಅದೆ."

ಚಿಕ್ಕಸ್ವಾಮಿ ಪಡುವಣಕ್ಕೆ ನೋಡಿದ. ಸೂರ್ಯ ತೆಂಗಿನ ತೋಟದ ತಲೆಯ ಮೇಲೆ ಕೂತಿದ್ದ. ಮಾತಾಡಿದರೆ ಪರೀಕ್ಷೆ ಹೋಯಿತು, ಆಡದಿದ್ದರೆ ಪೂಜ ಹೋದಳು. ಡಾಕ್ಟರನ್ನು ನೋಡಿದ. ಡಾಕ್ಟರು ನಗುತ್ತ, "ಮೌನಂ ಸಮ್ಮತಿ ಲಕ್ಷಣಂ. ಶಿಬಿರಕ್ಕೆ ಒಪ್ಪಿದ್ದಾರೆ" ಎಂದರು. ದೂರದಲ್ಲಿ ಸಂತೆಬಾಚಹಳ್ಳಿಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಶಿವಲಿಂಗಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಬೆಳಗಿನಿಂದ ಕುಡಿದ ಕಷಾಯ, ತಡೆದ ಕೆಮ್ಮು, ಊರ ಹೆಂಗಸರ ಗೋಳು, ಎಲ್ಲವೂ ಒಟ್ಟಿಗೆ ಮೇಲೆದ್ದು ಬಂದಿತು.

"ಹೆಣ್ಣು ಬೇಕು! ಹೆಣ್ಣೇ ಬೇಕು! ನಿಮ್ ಶಿಬ್ರವ ತಕ್ಕೊಂಡೋಗಿ ಕೆರೆಗಾಕಿ!"

ಬೇವಿನ ಮರದ ಕಾಗೆಗಳೆಲ್ಲ ಒಮ್ಮೆಗೇ ಹಾರಿದವು. ಜೀಪಿನ ಡ್ರೈವರು ಬೆಚ್ಚಿ ಹಾರನ್ನು ಒತ್ತಿದ. ಶಿವಲಿಂಗಯ್ಯ ಎರಡು ಹೆಜ್ಜೆ ಹಿಂದೆ ಸರಿದು ಕಿವಿ ಮುಚ್ಚಿಕೊಂಡ.

ಪ್ರಮೀಳಾ ಸೂರ್ಯನನ್ನು ನೋಡಿದಳು, ಚಿಕ್ಕಸ್ವಾಮಿಯನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು. "ಇನ್ನೂ ಮುಳುಗಿರ್ಲಿಲ್ವಲ್ಲಪ್ಪ. ಹಂಗಾರೆ ತಿಂಗಳ ಶಿಬಿರಕ್ಕೆ ನೀವು ಬರೋ ಹಂಗಿಲ್ಲ."

ಚಿಕ್ಕಸ್ವಾಮಿಯ ಮುಖ ಅರಳಿತು. "ಬಾಳ ಉಪ್ಕಾರ ಆಯ್ತು ಕಣಕ್ಕ!"

"ಹತ್ತು ದಿನದ್ದಕ್ಕೆ ಬರ್ಬೇಕು. ಅದೂ ಶುಕ್ರವಾರಾನೇ ಶುರು."

ಚಿಕ್ಕಸ್ವಾಮಿ ಮಾವಂದಿರ ಕಡೆ ತಿರುಗಿ ಕೈಮುಗಿದ. "ಹತ್ತೇ ದಿನ! ವಸಿ ತಡ್ಕಳಿ, ನಿಮ್ ದಮ್ಮಯ್ಯ!"

"ದಿನದ ಮಾತು ಅತ್ಲಾಗಿರ್ಲಿ" ಎಂದ ಶಿವಲಿಂಗಯ್ಯ. ಅವನಿನ್ನೂ ಕಿವಿಯಿಂದ ಕೈ ತೆಗೆದಿರಲಿಲ್ಲ. "ನಾವು ಸಾದು ಮನ್ಸ ಅಂದ್ಕಂಡಿದ್ವಲ್ಲೋ! ಇದೇನಪ್ಪ ಗಂಟ್ಲು? ಇಂತಾ ಗಂಟ್ಲು ನಮ್ಮನ್ಲಿ ಆಗ್ಲೇ ಬೇಕಾದಷ್ಟವೆ."

"ನಾನೂ ಅದ್ನೇ ಅನ್ನಕ್ ಬಂದೆ" ಎಂದ ನಾಗರಾಜು. "ಕೆ.ಆರ್.ಎಸ್. ಗಂಡು ವಸಿ ತೊದಲ್ತದಂತೆ. ಅದೇ ವಾಸಿ."

"ನೋಡ್ದಾ, ನಮ್ಮಿಬ್ರದೂ ಒಂದೇ ಬುದ್ದಿ!" ಶಿವಲಿಂಗಯ್ಯ ಅವನ ಹೆಗಲ ಮೇಲೆ ಕೈಹಾಕಿದ. ಬೇರೆ ಬೇರೆ ಬಸ್ಸಿನಲ್ಲಿ ಬಂದಿದ್ದ ಮಾವಂದಿರು ಒಂದೇ ಬಸ್ಸು ಹತ್ತಿ, ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತರು. ಬಸ್ಸು ಹೊರಟಿತು. ಡಾಕ್ಟರು ಪ್ರಮೀಳಾಳನ್ನು ಪೇಟೆಗೆ ಬಿಟ್ಟುಬರಲು ಹೊರಟರು. ಅವರು ಜೀಪಿನಿಂದ ತಲೆ ಹೊರಗೆ ಹಾಕಿ, "ಬೇಸರ ಮಾಡ್ಕೋಬೇಡಿ ಚಿಕ್ಕಸ್ವಾಮಿ, ಹತ್ತು ದಿನದಲ್ಲಿ ಮನಸ್ಸು ಹಗುರ ಆಗುತ್ತೆ" ಎಂದು ಕೂಗಿದರು. ಎರಡು ಗಾಡಿಗಳ ಧೂಳು ಎರಡು ಕಡೆಗೆ ಹೋಯಿತು.

ತಮ್ಮಯ್ಯ ಮೆಲ್ಲನೆ ಬಂದು ಅವನ ಪಕ್ಕದಲ್ಲಿ ನಿಂತ. ತೆಂಗಿನ ತೋಟದ ಹಿಂದೆ ಕೊನೆಯ ಕೆಂಪು ಜಾರಿತು.

"ಮುಳುಗ್ತು ಕಣ್ಲಾ" ಎಂದ ತಮ್ಮಯ್ಯ. "ಇನ್ನೇನ್ ಬೇಕಾದ್ರೂ ಮಾತಾಡ್ಬೌದು."

ಚಿಕ್ಕಸ್ವಾಮಿ ಬಾಯಿ ತೆರೆದ. ಸ್ವಲ್ಪ ಹೊತ್ತು ಹಾಗೇ ತೆರೆದುಕೊಂಡಿದ್ದು, ಮುಚ್ಚಿದ.